ಚಿನ್ನ ಮಿಸ್

ಊಟಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಹದಿನಾಲ್ಕು ವರ್ಷ ಜಿಮ್ನಾಸ್ಟಿಕ್ಸ್‌ನ ಸಹಾಯಕ ಕೋಚ್ ಆಗಿದ್ದೆ. ಸೇರಿದ ದಿನವೂ ಸಹಾಯಕ, ಬಿಟ್ಟ ದಿನವೂ ಸಹಾಯಕ. ಹುಡುಗಿಯರು ಮುಖ್ಯ ಕೋಚನ್ನು ‘ಪೆರಿಯ ಮಿಸ್’ ಎಂದೂ ನನ್ನನ್ನು ‘ಚಿನ್ನ ಮಿಸ್’ ಎಂದೂ ಕರೆಯುತ್ತಿದ್ದರು. ತಮಿಳಿನಲ್ಲಿ ಪೆರಿಯ ಎಂದರೆ ದೊಡ್ಡ, ಚಿನ್ನ ಎಂದರೆ ಚಿಕ್ಕ. ಮೊದಲ ರಜೆಯಲ್ಲಿ ನಮ್ಮೂರು ಕಟ್ಟಬೆಟ್ಟಿನ ಮನೆಗೆ ಹೋದಾಗ ಇದನ್ನು ನನ್ನ ಹೆತ್ತೆಗೆ, ಎಂದರೆ ಅಪ್ಪನ ತಾಯಿಗೆ, ಹೇಳಿದೆ. ಒಲೆಯ ಮುಂದೆ ಕೂತಿದ್ದವಳು ತಿರುಗಿ, “ನಿನ್ನ ಚಿನ್ನಾಂತ ಕೂಗುವರಾ? ಹಂಗಂದರೆ ಒಳ್ಳೇ ಕೆಲಸ ಬಿಡು” ಎಂದು ಖುಷಿಪಟ್ಟಳು. ಅವಳಿಗೆ ಅದು ಬಂಗಾರದ ಚಿನ್ನವಾಗಿಯೇ ಕೇಳಿಸಿತ್ತು. ನಾನು ತಿದ್ದಲು ಹೋಗಲಿಲ್ಲ. ನಮ್ಮ ಹಟ್ಟಿಯ ತುಂಬ ಅವಳು ಹಾಗೆಯೇ ಹೇಳಿಕೊಂಡು ತಿರುಗಿದಳು.

ನಾನು ಈ ಕಸುಬಿಗೆ ಬಂದದ್ದಕ್ಕೂ ಹೆತ್ತೆಯೇ ಕಾರಣ. ಶಾಲೆಯಲ್ಲಿ ಒಬ್ಬ ಡ್ರಿಲ್ ಟೀಚರ್ ನಮಗೆ ಹಳೆಯ ಹಾಸಿಗೆಗಳ ಮೇಲೆ ಪಲ್ಟಿ ಹೊಡೆಯುವುದನ್ನು ಕಲಿಸುತ್ತಿದ್ದರು. ನಮ್ಮದು ಲಿಂಗ ಕಟ್ಟುವ ಮನೆ. ಕೊರಳಲ್ಲಿ ಯಾವಾಗಲೂ ಲಿಂಗ. ತಲೆಕೆಳಗಾಗಿ ನಿಂತರೆ ಅದು ಜಾರಿ ಬಂದು ಮೂಗಿಗೆ ಬಡಿಯುತ್ತಿತ್ತು. ತೆಗೆದಿಡು ಎಂದು ಟೀಚರ್, ತೆಗೆಯಲೇಬಾರದು ಎಂದು ಅಪ್ಪ. ಇನ್ನು ಪಲ್ಟಿ ಬಿಡಬೇಕು ಎಂದು ನಾನು ಅಳುತ್ತ ಕೂತಾಗ ಹೆತ್ತೆ ತನ್ನ ಹಳೆಯ ಬಿಳಿ ಮುಂಡೊಂದನ್ನು ಉದ್ದಕ್ಕೆ ಹರಿದು, ನನ್ನ ಎದೆಗೆ ಅಡ್ಡಲಾಗಿ ಮೂರು ಸುತ್ತು ಸುತ್ತಿ, ಲಿಂಗವನ್ನು ಅದರ ಮಡಿಕೆಯೊಳಗೆ ಬಿಗಿಯಾಗಿ ಕಟ್ಟಿದಳು. “ಈಗ ಹೆಂಗ ಬೇಕಾದರೂ ತಿರುಗು. ಅವನೂ ನಿನ್ನ ಜೊತೆ ತಿರುಗಲಿ” ಎಂದಳು. ಅಪ್ಪ ಗಂಟನ್ನು ಒಮ್ಮೆ ಎಳೆದು ನೋಡಿ ಹೊರಗೆ ಹೋದ.

ಆಮೇಲೆ ಕೊಯಮತ್ತೂರಿನಲ್ಲಿ ಓದಿದೆ, ಕೆಲವು ಪಂದ್ಯಗಳಲ್ಲಿ ಆಡಿದೆ, ಭುಜದ ಕೀಲು ಎರಡು ಸಲ ತಪ್ಪಿತು. ಮೂರನೆಯ ಸಲ ತಪ್ಪಿದರೆ ಕೈ ಎತ್ತಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಕೋಚಿಂಗ್ ಡಿಪ್ಲೊಮಾ ಮಾಡಿಕೊಂಡೆ. ತೊಂಬತ್ತರ ದಶಕದ ಮೊದಲಲ್ಲಿ ಊಟಿಯ ಆ ಕಾಲೇಜು ಸಹಾಯಕ ಕೋಚ್ ಬೇಕೆಂದಾಗ ಅರ್ಜಿ ಹಾಕಿದವಳು ನಾನೊಬ್ಬಳೇ. ಅಷ್ಟು ಚಳಿಯಲ್ಲಿ ಬೆಳಗಿನ ಆರು ಗಂಟೆಗೆ ತೆಳ್ಳನೆಯ ಬಟ್ಟೆಯಲ್ಲಿ ಹುಡುಗಿಯರನ್ನು ಜಿಗಿಸುವ ಕೆಲಸ ಬೇರೆ ಯಾರಿಗೆ ಬೇಕಿತ್ತು?

ನಾವು ಅಭ್ಯಾಸ ಮಾಡುತ್ತಿದ್ದ ಹಾಲ್ ಬ್ರಿಟಿಷ್ ದೊರೆಗಳ ಕಾಲದ್ದು. ಮರದ ನೆಲ, ಮೇಲೆ ತಗಡಿನ ಚಾವಣಿ, ಒಂದು ಗೋಡೆಯಲ್ಲಿ ಮುಚ್ಚಿಹೋದ ಬೆಂಕಿಗೂಡು. ಒಂದು ಬೀಮ್, ಜೋತು ಸುತ್ತುವ ಒಂದು ಜೊತೆ ಬಾರ್‌ಗಳು, ಓಡಿಬಂದು ಜಿಗಿಯಲು ಚರ್ಮ ಹರಿದ ಒಂದು ವಾಲ್ಟಿಂಗ್ ಹಾರ್ಸ್, ಹನ್ನೆರಡು ತೆಂಗಿನನಾರಿನ ಮ್ಯಾಟುಗಳು. ಜೂನಿನಿಂದ ಮಂಜು ಒಳಗೇ ಬಂದು ಕೂರುತ್ತಿತ್ತು. ಮ್ಯಾಟುಗಳು ನೀರು ಕುಡಿದು ಸತ್ತ ದನದಷ್ಟು ಭಾರವಾಗುತ್ತಿದ್ದವು. ಬಿಸಿಲು ಒಂದು ಗಳಿಗೆ ಕಾಣಿಸಿದರೆ ಸಾಕು, ನಾನು ಕ್ಲಾಸಿನಲ್ಲಿದ್ದ ಹುಡುಗಿಯರನ್ನೂ ಕಿಟಕಿಯಿಂದ ಕೂಗಿ ಕರೆದು ಮ್ಯಾಟುಗಳನ್ನು ಹೊರಗೆ ಹೊರಿಸುತ್ತಿದ್ದೆ. ಪಾಠ ಮಾಡುತ್ತಿದ್ದ ಮೇಡಂಗಳು ಇದಕ್ಕಾಗಿ ನನ್ನ ಮೇಲೆ ಪ್ರಿನ್ಸಿಪಾಲರಿಗೆ ದೂರು ಕೊಟ್ಟದ್ದೂ ಉಂಟು. ಡಿಸೆಂಬರ್, ಜನವರಿಯಲ್ಲಿ ಹೊರಗೆ ಹುಲ್ಲೆಲ್ಲ ಬೆಳ್ಳಗೆ ಹಿಮ ಕಟ್ಟಿ, ಬಾರಿನ ಕಬ್ಬಿಣ ಮುಟ್ಟಿದರೆ ಕೈ ಉರಿಯುತ್ತಿತ್ತು. ಬೆಳಿಗ್ಗೆ ಮೊದಲು ಬಂದು ಇದ್ದಿಲಿನ ಒಲೆ ಹಚ್ಚಿ ಬಾರಿನ ಕೆಳಗೆ ಇಡುವುದು ನನ್ನ ಕೆಲಸ. ಹುಡುಗಿಯರು ಬಂದು ಅದರ ಸುತ್ತ ಕೂತು ಕೈ ಕಾಸಿಕೊಳ್ಳುತ್ತ, ಒಬ್ಬರ ಜಡೆಯನ್ನು ಒಬ್ಬರು ಬಿಗಿಯಾಗಿ ಹೆಣೆಯುತ್ತ, ಹಾಸ್ಟೆಲ್ಲಿನ ಉಪ್ಪಿಟ್ಟನ್ನು ಬೈಯುತ್ತಿದ್ದ ಆ ಹತ್ತು ನಿಮಿಷ ದಿನದಲ್ಲೇ ಒಳ್ಳೆಯ ಹೊತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಪೆರಿಯ ಮಿಸ್ ತಿರುನಲ್ವೇಲಿಯ ಕಡೆಯವರು. ಐದಡಿಯೂ ಇಲ್ಲದ ಮೈಕಟ್ಟು, ಸೀರೆಯ ಮೇಲೆ ಗಂಡಸರ ಸ್ವೆಟರು, ಕಾಲಲ್ಲಿ ಕ್ಯಾನ್ವಾಸ್ ಶೂ. ಮದುವೆ ಆಗಿರಲಿಲ್ಲ. ಇಪ್ಪತ್ತು ವರ್ಷ ಊಟಿಯಲ್ಲಿದ್ದರೂ ಚಳಿಯನ್ನು ನಿನ್ನೆ ಬಂದವರ ಹಾಗೆ ಶಪಿಸುತ್ತಿದ್ದರು. ಅವರು ಮಾತಾಡಿದ್ದೆಲ್ಲ ತಮಿಳು. ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ಸಹಾಯಕ ಕೋಚಿನ ಮುಖ್ಯ ಕೆಲಸ ಸಪೋರ್ಟ್ ಕೊಡುವುದು. ಹುಡುಗಿ ಹಿಂದಕ್ಕೆ ಪಲ್ಟಿ ಹೊಡೆಯುವಾಗ ಪಕ್ಕದಲ್ಲಿ ನಿಂತು, ಒಂದು ಕೈ ಸೊಂಟಕ್ಕೆ, ಒಂದು ಕೈ ತೊಡೆಯ ಹಿಂಭಾಗಕ್ಕೆ ಕೊಟ್ಟು ಅವಳನ್ನು ಸುತ್ತಿ ನಿಲ್ಲಿಸುವುದು. ಮೊದಲು ಇಡೀ ಅಂಗೈ. ಅವಳಿಗೆ ಬಂದಹಾಗೆಲ್ಲ ನಾಲ್ಕು ಬೆರಳು, ಎರಡು ಬೆರಳು, ಕಡೆಗೆ ಏನೂ ಇಲ್ಲ. ಪೆರಿಯ ಮಿಸ್ ಮೊದಲ ವಾರದಲ್ಲೇ ನನಗೆ ಹೇಳಿದ್ದರು: “ಹಿಡಿಯೋದನ್ನ ಯಾರು ಬೇಕಾದರೂ ಕಲೀತಾರೆ. ಬಿಡೋದನ್ನ ಕಲಿ.” ನಾನು ತಲೆಯಾಡಿಸಿದೆ. ಕಲಿಯಲು ಎಷ್ಟು ವರ್ಷ ಹಿಡಿಯಿತು ಎಂಬುದನ್ನೇ ಮುಂದೆ ಹೇಳುತ್ತೇನೆ.

ನಾನು ಸೇರಿ ಐದಾರು ವರ್ಷವಾದ ಮೇಲೆ ಆ ಹುಡುಗಿ ಬಂದಳು. ಮಸಿನಗುಡಿಯಿಂದ ಒಳಗೆ, ಮುದುಮಲೆ ಕಾಡಿನಂಚಿನ ಹಾಡಿಯವಳು. ಅಪ್ಪ ಕಾಡಿನ ಕೂಲಿ. ಸರ್ಕಾರಿ ಹಾಸ್ಟೆಲ್ಲುಗಳಲ್ಲೇ ಓದಿ, ಅವರ ಹಾಡಿಯಿಂದ ಮೊದಲನೆಯವಳಾಗಿ ಕಾಲೇಜಿಗೆ ಬಂದಿದ್ದಳು. ಹುಡುಗಿಯರು ಅವಳನ್ನು ‘ಮಸಿನಗುಡಿ’ ಎಂದೇ ಕರೆದರು. ನಾವೂ ಹಾಗೆಯೇ ಕರೆದೆವು. ಅವಳು ಜಿಮ್ನಾಸ್ಟಿಕ್ಸ್‌ಗೆಂದು ಬಂದವಳಲ್ಲ. ಒಂದು ಬೆಳಿಗ್ಗೆ ಚಳಿ ತಡೆಯಲಾರದೆ ನಮ್ಮ ಇದ್ದಿಲೊಲೆಗೆ ಕೈ ಕಾಸಿಕೊಳ್ಳಲು ಬಾಗಿಲಲ್ಲಿ ನಿಂತಿದ್ದಳು. ಪೆರಿಯ ಮಿಸ್, “ಸುಮ್ಮನೆ ಬೆಂಕಿ ಕಾಯಿಸೋರಿಗೆ ಇಲ್ಲಿ ಜಾಗ ಇಲ್ಲ. ಆ ಬೀಮ್ ಮೇಲೆ ಒಂದು ಸಲ ನಡೆದು ಬಾ, ಆಮೇಲೆ ಕೂತ್ಕೋ” ಎಂದು ತಮಾಷೆಗೆ ಹೇಳಿದರು.

ಬೀಮ್ ಎಂದರೆ ಎದೆಯೆತ್ತರದಲ್ಲಿ ಅಡ್ಡಲಾಗಿ ನಿಲ್ಲಿಸಿದ ತೊಲೆ, ಅಂಗೈಯಷ್ಟು ಅಗಲ. ಹೊಸಬರು ಅದರ ಮೇಲೆ ಹತ್ತಿ ನಿಲ್ಲುವುದಕ್ಕೇ ಒಂದು ವಾರ ಬೇಕು. ಈ ಹುಡುಗಿ ಚಪ್ಪಲಿ ಬಿಟ್ಟು, ಲಂಗವನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಹತ್ತಿ, ಈ ತುದಿಯಿಂದ ಆ ತುದಿಗೆ ರಸ್ತೆಯಲ್ಲಿ ನಡೆದ ಹಾಗೆ ನಡೆದು, ಅಲ್ಲಿ ತಿರುಗಿ, ವಾಪಸು ಬಂದಳು. ಒಮ್ಮೆಯೂ ಕೆಳಗೆ ನೋಡಲಿಲ್ಲ. ಇಳಿದು ಬಂದು ಬೆಂಕಿಯ ಮುಂದೆ ಕೂತಳು.

“ಎಲ್ಲಿ ಕಲಿತೆ?” ಎಂದೆ.

“ಏನ ಮಿಸ್?” ಎಂದಳು, ನಿಜಕ್ಕೂ ಅರ್ಥವಾಗದೆ. “ನಮ್ಮ ಕಡೆ ಹಳ್ಳ ದಾಟೋಕೆ ಮರ ಬೀಳಿಸಿರ್ತಾರೆ. ಅದು ಇದಕ್ಕಿಂತ ಜಾರುತ್ತೆ.”

ಪೆರಿಯ ಮಿಸ್ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಅಂಥ ಆಸೆ ನಾನು ಅದುವರೆಗೆ ಕಂಡಿರಲಿಲ್ಲ.

ಹದಿನೇಳು ವರ್ಷಕ್ಕೆ ಜಿಮ್ನಾಸ್ಟಿಕ್ಸ್ ಶುರುಮಾಡುವುದು ತೀರ ತಡ. ಬಾರಿನಲ್ಲಿ ಅವಳು ಸಾಧಾರಣ, ನೆಲದ ಮೇಲೆ ಗಡುಸು. ಆದರೆ ಬೀಮಿನ ಮೇಲೆ ಅವಳಿಗೆ ಭಯ ಎಂಬುದೇ ಇರಲಿಲ್ಲ. ಒಂದು ವರ್ಷದೊಳಗೆ ಅವಳಿಗೆ ಫ್ಲಿಕ್ ಕಲಿಸಲು ಪೆರಿಯ ಮಿಸ್ ನಿರ್ಧರಿಸಿದರು. ಫ್ಲಿಕ್ ಎಂದರೆ ನಿಂತಲ್ಲಿಂದ ಹಿಂದಕ್ಕೆ ಹಾರಿ, ಕೈ ಊರಿ, ಮತ್ತೆ ಕಾಲಿನ ಮೇಲೆ ಬಂದು ನಿಲ್ಲುವುದು. ಊರಬೇಕಾದ ತೊಲೆ ಹಾರುವವಳ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕಾಲೇಜಿನಲ್ಲಿ ಅದನ್ನು ಬೀಮಿನ ಮೇಲೆ ಯಾರೂ ಮಾಡಿರಲಿಲ್ಲ. ನನಗೂ ಬಂದಿರಲಿಲ್ಲ.

ಮೊದಲು ನೆಲದ ಗೆರೆಯ ಮೇಲೆ, ಆಮೇಲೆ ಗೇಣೆತ್ತರದ ಬೀಮ್ ಮೇಲೆ, ಆಮೇಲೆ ದೊಡ್ಡದರ ಮೇಲೆ. ಪ್ರತಿ ಸಲವೂ ಪಕ್ಕದಲ್ಲಿ ನಾನು. ಮೂರು ತಿಂಗಳು ಕಳೆದಾಗ ನನ್ನ ಅಂಗೈ ನಾಲ್ಕು ಬೆರಳಾಗಿ, ಎರಡು ಬೆರಳಾಗಿತ್ತು. ಅಲ್ಲಿಂದ ಮುಂದೆ ನಾನು ಹೋಗಲಿಲ್ಲ. ನನ್ನ ಭುಜ ಕಳಚಿದ ದಿನದ ಸದ್ದು ನನ್ನ ಕಿವಿಯಲ್ಲಿತ್ತು. ಅವಳು ಹಿಂದಕ್ಕೆ ಹಾರುವ ಹೊತ್ತಿಗೆ ಆ ಎರಡು ಬೆರಳು ತಾವಾಗಿಯೇ ಹೋಗಿ ಅವಳ ಸೊಂಟಕ್ಕೆ ತಾಗುತ್ತಿದ್ದವು. ತಾಗುತ್ತಿದ್ದವು ಅಷ್ಟೇ ಎಂದು ನಾನು ಅಂದುಕೊಂಡಿದ್ದೆ. ನಿಜದಲ್ಲಿ ಅವು ಅವಳನ್ನು ಕೂದಲೆಳೆಯಷ್ಟು ಬಲಕ್ಕೆ ತಳ್ಳಿ ನೇರ ಮಾಡುತ್ತಿದ್ದವು.

ಪೆರಿಯ ಮಿಸ್ ಆ ವಾರಗಳಲ್ಲಿ ಹಾಲಿನ ಇನ್ನೊಂದು ಕೊನೆಯಲ್ಲಿ ಹೊಸ ಹುಡುಗಿಯರ ಜೊತೆಗಿರುತ್ತಿದ್ದರು. ದಿನಾ ಅಲ್ಲಿಂದಲೇ ಕೂಗಿ ಕೇಳುತ್ತಿದ್ದರು: “ಕೈ ಬಿಟ್ಟಿದ್ದೀಯಾ?”

“ಬಿಟ್ಟಿದ್ದೀನಿ ಮೇಡಂ” ಎನ್ನುತ್ತಿದ್ದೆ.

ಎರಡು ವಾರ ಹೀಗೆ ಸುಳ್ಳು ಹೇಳಿದೆ. ಅದು ಸುಳ್ಳೆಂದು ಹುಡುಗಿಗೂ ತಿಳಿದಿರಲಿಲ್ಲ. ಬೆರಳು ಅಷ್ಟು ಹಗುರವಾಗಿತ್ತು. ಆಮೇಲೊಂದು ಬೆಳಿಗ್ಗೆ ಪೆರಿಯ ಮಿಸ್ ಬಂದು ನಿಂತು, “ಚಿನ್ನ ಮಿಸ್, ನೀನು ಈಚೆ ಬಾ. ನಾನು ದೂರದಿಂದ ಇವಳ ಗೆರೆ ನೋಡಬೇಕು, ಮೈ ನೇರ ಹೋಗುತ್ತಾ ಅಂತ” ಎಂದರು. ಆಗಲಾದರೂ ಹೇಳಬಹುದಿತ್ತು. ನಾನು ಈಚೆ ಬಂದೆ. ಹುಡುಗಿ ಎಂದಿನಂತೆ ಹಾರಿದಳು. ಬಲಗೈ ತೊಲೆಯ ಮೇಲೆ ಬಿತ್ತು, ಎಡಗೈ ಗಾಳಿಗೆ ಬಿತ್ತು. ಮ್ಯಾಟಿನ ಅಂಚಿಗೆ ಅವಳ ಎಡ ಮೊಣಕೈ ಬಡಿದ ಸದ್ದಿಗೆ ಹಾಲಿನಲ್ಲಿದ್ದ ಎಲ್ಲರೂ ನಿಂತಲ್ಲೇ ನಿಂತರು.

ಅವಳು ಅಳಲಿಲ್ಲ. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಬೆವರು ಸುರಿಯುತ್ತಿದ್ದ ಮುಖವನ್ನು ನನ್ನ ಭುಜಕ್ಕೆ ಆನಿಸಿ, “ತೊಲೆ ಎಲ್ಲಿ ಹೋತು ಮಿಸ್?” ಎಂದು ಎರಡು ಸಲ ಕೇಳಿದಳು.

ಮೊಣಕೈ ಮುರಿದಿತ್ತು. ಮನೆಯವರಿಗೆ ತಿಳಿಸಬೇಕು, ಹಾಡಿಗೆ ಫೋನಿಲ್ಲ. ಮರುದಿನ ನಾನೇ ಹೊರಟೆ. ಕಲ್ಲಟ್ಟಿ ಘಾಟಿನ ಮೂವತ್ತಾರು ತಿರುವನ್ನೂ ಬಸ್ಸು ಇಳಿಯುವಷ್ಟು ಹೊತ್ತು ಏನು ಹೇಳಲಿ ಎಂದು ಜೋಡಿಸಿಕೊಳ್ಳುತ್ತಲೇ ಇದ್ದೆ. ಪ್ರತಿ ತಿರುವಿಗೂ ಚಳಿ ಒಂದಿಷ್ಟು ಕಡಿಮೆಯಾಗಿ, ಮಸಿನಗುಡಿಯಲ್ಲಿ ಇಳಿದಾಗ ಮೈಮೇಲಿನ ಸ್ವೆಟರು ಹೊರೆಯಾಗಿತ್ತು. ಅಲ್ಲಿಂದ ಕಾಲುದಾರಿಯಲ್ಲಿ ಒಂದು ಮೈಲಿ. ಬೇಸಿಗೆ ಹತ್ತಿರವಾದ್ದರಿಂದ ಅವಳ ಅಪ್ಪ ಕಾಡ್ಗಿಚ್ಚು ಹರಡದಂತೆ ಹುಲ್ಲು ಸವರಿ ಗೆರೆ ಬಿಡಿಸುವ ಕೆಲಸಕ್ಕೆ ಹೋಗಿದ್ದ. ಅವಳ ಅವ್ವೆ ನನ್ನನ್ನು ಜಗಲಿಯಲ್ಲಿ ಕೂರಿಸಿ ಕರಿ ಕಾಫಿ ಕೊಟ್ಟಳು. ನಾನು ವಿಷಯ ಹೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮಧ್ಯಾಹ್ನ ಅವನು ಬಂದ. ಸಣ್ಣ ಆಳು, ಕೈಯಲ್ಲಿ ಕತ್ತಿ. ಕತ್ತಿಯನ್ನು ಸೂರಿಗೆ ಸಿಕ್ಕಿಸಿ ನನ್ನ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲ ಕೇಳಿಸಿಕೊಂಡ.

“ಹಗ್ಗ ಹಿಡ್ದಿದ್ದು ಯಾರು ಟೀಚರಮ್ಮಾ?” ಎಂದ.

“ಹಗ್ಗ ಇರಲಿಲ್ಲ” ಎಂದೆ.

ಅವನು ತಾಳ್ಮೆಯಿಂದ ವಿವರಿಸಿದ. ಬಂಡೆಯ ಜೇನು ಕೀಳಲು ಒಬ್ಬ ಹಗ್ಗ ಕಟ್ಟಿಕೊಂಡು ಕೆಳಗೆ ಇಳಿಯುತ್ತಾನೆ. ಮೇಲೆ ಹಗ್ಗ ಕಾಯುವವನು ಅವನ ಹೆಂಡತಿಯ ತಮ್ಮನೋ ಅಣ್ಣನೋ ಆಗಿರಬೇಕು. “ಅಕ್ಕ ತಾಲಿ ಕಳ್ಕೋಬಾರ್ದಲ್ಲ, ಅದಕ್ಕೆ ಅವನು ಬಿಡೋದಿಲ್ಲ. ನನ್ನ ಕೂಸು ಮೇಲಿದ್ದಾಗ ಹಂಗೆ ನಿಂತಿದ್ದೋರು ಯಾರು ಅಂತ ಕೇಳ್ದೆ.”

“ನಾನೇ” ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಬಿಟ್ಟುಹೋಯಿತು. ಎರಡು ವಾರದ ಸುಳ್ಳನ್ನೂ ಹೇಳಿಬಿಟ್ಟೆ. ಪೆರಿಯ ಮಿಸ್‌ಗೆ ಇನ್ನೂ ಹೇಳದಿದ್ದದ್ದನ್ನು ಆ ಜಗಲಿಯಲ್ಲಿ ಮೊದಲು ಅವನಿಗೆ ಹೇಳಿದೆ. ಕೈ ಬಿಡಬೇಕಾದಾಗ ಬಿಡಲಿಲ್ಲ. ಬಿಟ್ಟಿಲ್ಲ ಎಂದೂ ಹೇಳಲಿಲ್ಲ. ಅದಕ್ಕೇ ಅವಳು ಬಿದ್ದಳು.

ಅವನು ಬೈಯುತ್ತಾನೆ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಕಡೆಗೆ, “ಹಗ್ಗ ಬಿಗಿ ಹಿಡ್ದರೂ ಕಷ್ಟವೇ. ಇಳಿಯೋನು ಕಾಲು ಎತ್ತಿ ಇಡೋಕಾಗಲ್ಲ” ಎಂದ. ಅಷ್ಟೇ. ಎದ್ದು ಒಳಗೆ ಹೋಗಿ ಒಗೆದ ಅಂಗಿಯೊಂದನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದ. ನನ್ನ ಜೊತೆಗೇ ಬಸ್ಸು ಹತ್ತಿದ. ಊಟಿ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಒಂದು ಗೋಡೆಯ ಮರೆಗೆ ಹೋಗಿ ಆ ಅಂಗಿ ಹಾಕಿಕೊಂಡ.

ಆಸ್ಪತ್ರೆಯಲ್ಲಿ ಮಗಳ ಮಂಚದ ಹತ್ತಿರ ನಿಂತು ಅವಳ ಪಟ್ಟಿ ಕಟ್ಟಿದ ಕೈಯನ್ನು ಮುಟ್ಟಿ ನೋಡಿದ.

“ಮತ್ತೆ ಹತ್ತುವೆಯಾ?”

“ಹತ್ತುತೀನಿ.”

“ಯಾರು ಹಿಡೀತಾರೆ?”

ಅವಳು ನನ್ನ ಕಡೆಗೆ ಗದ್ದ ಎತ್ತಿ ತೋರಿಸಿದಳು. ಆಗ ನಾನು ಅಲ್ಲಿ ನಿಲ್ಲಲಾರದೆ ವರಾಂಡಕ್ಕೆ ಹೋದೆ. ಅವಳಿಗೂ ಅಂದೇ ನಿಜ ಹೇಳಿದೆ. “ಅಂಗಾದರೆ ನನ್ನ ಗೆರೆ ಮೊದಲಿಂದ ಸೊಟ್ಟವಾ ಮಿಸ್?” ಎಂದಳು. ಅವಳಿಗೆ ಅದೇ ಬೇಸರ.

ಪೆರಿಯ ಮಿಸ್‌ಗೆ ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, “ಇನ್ನು ಮೇಲೆ ನೀನು ಬೀಮ್ ಹತ್ತಿರ ಬರಬೇಡ” ಎಂದರು. ಒಂದಿಡೀ ಟರ್ಮ್ ನಾನು ಮ್ಯಾಟು ಒಣಗಿಸಿದೆ, ಇದ್ದಿಲು ಹಚ್ಚಿದೆ, ಹೊಸ ಹುಡುಗಿಯರಿಗೆ ಮುಂಪಲ್ಟಿ ಕಲಿಸಿದೆ. ಐವತ್ತು ದಾಟಿದ ಅವರೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬೀಮಿನ ಪಕ್ಕ ನಿಲ್ಲುತ್ತಿದ್ದರು. ಹುಡುಗಿಯರು ಏನೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನಾನು ಕೆಲಸ ಬಿಡಬೇಕೆಂದು ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದ್ದೂ ಆ ದಿನಗಳಲ್ಲೇ.

ಮಸಿನಗುಡಿಯ ಕೈ ಕೂಡಿಕೊಂಡಿತು. ಆದರೆ ಮೊಣಕೈ ಪೂರ್ತಿ ನೇರವಾಗಲಿಲ್ಲ. ಮಳೆಗಾಲ ಕಳೆದು ಅವಳು ಮತ್ತೆ ಬೀಮ್ ಹತ್ತಿದ ದಿನ ಪೆರಿಯ ಮಿಸ್ ಹಾಲಿನ ಇನ್ನೊಂದು ಕೊನೆಯಿಂದ ನನ್ನನ್ನು ಕೂಗಿದರು. “ಬಾ ಇಲ್ಲಿ. ನಿನಗೆ ಭಯ ಇದೆ. ಇರಲಿ, ನನಗೂ ಇದೆ. ಆದರೆ ಎಷ್ಟು ಬೆರಳು ಅಂತ ಕೇಳಿದರೆ ಎಷ್ಟು ಅಂತ ಹೇಳು.”

ಅಂದಿನಿಂದ ಅದೇ ಪದ್ಧತಿಯಾಯಿತು. ಅವರು “ಎಷ್ಟು?” ಎಂದು ಕೂಗುವುದು, ನಾನು “ನಾಲ್ಕು”, “ಎರಡು” ಎಂದು ಕೂಗುವುದು. ಮೊದಮೊದಲು ಹುಡುಗಿಯರು ನಗುತ್ತಿದ್ದರು. ಕಡೆಗೊಂದು ದಿನ “ಇಲ್ಲ” ಎಂದು ಕೂಗಿದೆ. ಅವಳು ಹಾರಿ, ಊರಿ, ನಿಂತಿದ್ದಳು. ಅವಳೇ ಮೇಲಿನಿಂದ, “ಆತಾ ಮಿಸ್?” ಎಂದು ಕೇಳಿದಳು.

ಆ ವರ್ಷದ ಅಂತರ ಕಾಲೇಜು ಪಂದ್ಯ ಕೊಯಮತ್ತೂರಿನಲ್ಲಿ. ಹೊರಡುವ ಹಿಂದಿನ ದಿನ ಪೆರಿಯ ಮಿಸ್‌ಗೆ ಜ್ವರ ಬಂದು ಮೇಲೇಳಲಾಗಲಿಲ್ಲ. ಐದು ಹುಡುಗಿಯರನ್ನು ಕರೆದುಕೊಂಡು ನಾನೊಬ್ಬಳೇ ಹೋದೆ. ಕೂನೂರು ದಾಟಿ ಘಾಟು ಇಳಿಯುವಷ್ಟರಲ್ಲಿ ಮೂವರು ವಾಂತಿ ಮಾಡಿ, ಒಂದು ಡಜನ್ ನಿಂಬೆಹಣ್ಣು ಖಾಲಿಯಾಯಿತು. ಅಲ್ಲಿನ ಕ್ರೀಡಾಂಗಣದಲ್ಲಿ ಬಯಲಿನ ಕಾಲೇಜುಗಳ ಹುಡುಗಿಯರು ಮಿರಿಮಿರಿ ಮಿಂಚುವ ಉಡುಪಿನಲ್ಲಿದ್ದರು. ನಮ್ಮವು ಕೂನೂರಿನ ದರ್ಜಿ ಹೊಲಿದವು. ಕಾಲೇಜಿನ ಆಡಳಿತದವರು ತೋಳು ಮಣಿಕಟ್ಟಿನವರೆಗೆ ಇರಬೇಕು, ಕಾಲು ಮುಚ್ಚಬೇಕು ಎಂದು ಹಟ ಹಿಡಿದಿದ್ದರಿಂದ ನಮ್ಮ ಹುಡುಗಿಯರು ಆ ಸೆಕೆಯಲ್ಲಿ ಬೆಂದುಹೋದರು. “ಮಿಸ್, ಇಲ್ಲಿ ಬಾರ್ ತಾನಾಗೇ ಬಿಸಿ ಇದೆ” ಎಂದು ಒಬ್ಬಳು ಬೆರಗಾದಳು.

ಪಂದ್ಯದಲ್ಲಿ ಕೋಚ್ ಪಕ್ಕದಲ್ಲಿ ನಿಲ್ಲಬಹುದು. ಆದರೆ ಮುಟ್ಟಿದರೆ ಅಂಕ ಹೋಗುತ್ತದೆ. ಮಸಿನಗುಡಿಯ ಸರದಿ ಬಂದಾಗ ನಾನು ಬೀಮಿನ ಹತ್ತಿರ ನಿಂತೆ. ಅವಳು ಹತ್ತಿದಳು, ನಡೆದಳು, ಒಂಟಿಗಾಲಲ್ಲಿ ತಿರುಗಿದಳು. ಫ್ಲಿಕ್ ಬಂತು. ಕೈ ಎರಡೂ ಸರಿಯಾಗಿ ಬಿದ್ದವು. ಎಡಗಾಲು ಅರ್ಧ ಪಾದ ಹೊರಗೆ ಬಂತು. ಅವಳು ಸೊಂಟದಿಂದ ಬಾಗಿ, ತೋಳು ಬೀಸಿ, ನನ್ನ ಕಡೆಗೇ ವಾಲಿದಳು. ನನ್ನ ಕೈ ಮೇಲೆದ್ದಿತು. ಎದ್ದು, ಅವಳ ಬೆನ್ನಿನಿಂದ ಒಂದು ಅಂಗುಲ ಈಚೆಗೆ ನಿಂತಿತು. ಅಲ್ಲಿ ಅದನ್ನು ನಿಲ್ಲಿಸಲು ನನಗೆ ಎಷ್ಟು ಬಲ ಬೇಕಾಯಿತು ಎಂದು ಯಾರಿಗೆ ಹೇಳಲಿ? ಅವಳು ತಾನಾಗಿಯೇ ನೆಟ್ಟಗಾದಳು, ಉಳಿದದ್ದು ಮುಗಿಸಿದಳು, ಹಗುರವಾಗಿ ಇಳಿದಳು.

ತೀರ್ಪುಗಾರರಲ್ಲಿ ಒಬ್ಬರು ನನ್ನನ್ನು ಮೇಜಿನ ಹತ್ತಿರ ಕರೆದರು. “ಮುಟ್ಟಿದಿರಾ?”

“ಇಲ್ಲ ಸಾರ್.”

“ಕೈ ಹೋದದ್ದು ಕಂಡಿತು.”

“ಹೋಯಿತು. ಮುಟ್ಟಲಿಲ್ಲ.”

“ಮಿಸ್ ಮುಟ್ಟಲಿಲ್ಲ ಸಾರ್. ಮುಟ್ಟಿದರೆ ನನಗೆ ಗೊತ್ತಾಗುತ್ತೆ” ಎಂದು ಹುಡುಗಿ ನಡುವೆ ಬಂದು ಹೇಳಿದಳು. ಅವರು ತಮ್ಮ ತಮ್ಮಲ್ಲಿ ಮಾತಾಡಿಕೊಂಡರು. ಅಂಕ ಕಳೆದರು. ಅವಳಿಗೆ ನಾಲ್ಕನೆಯ ಸ್ಥಾನ ಬಂತು. ಕಳೆಯದಿದ್ದರೆ ಎರಡನೆಯದು ಬರುತ್ತಿತ್ತು. ಎರಡು ವಾರ ಸುಳ್ಳು ಹೇಳಿದಾಗ ಪೆರಿಯ ಮಿಸ್ ನನ್ನನ್ನು ನಂಬಿದ್ದರು, ನಿಜ ಹೇಳಿದ ದಿನ ಇವರು ನಂಬಲಿಲ್ಲ. ನನಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು.

ವಾಪಸು ಬಂದವಳು ನೇರವಾಗಿ ಪೆರಿಯ ಮಿಸ್ ಮನೆಗೆ ಹೋದೆ. ಅವರು ಎರಡು ಕಂಬಳಿ ಹೊದ್ದು ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

“ಮುಟ್ಟಿದೆಯಾ?” ಎಂದರು.

“ಇಲ್ಲ ಮೇಡಂ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಸರಿ” ಎಂದರು. “ಅಲ್ಲಿ ಚಹಾ ಇದೆ, ನೀನೂ ಹಾಕಿಕೊಂಡು ಕುಡಿ.”

ಆ ‘ಸರಿ’ ನನಗೆ ಹದಿನಾಲ್ಕು ವರ್ಷದಲ್ಲಿ ಸಿಕ್ಕ ಪದಕ. ಬೇರೆ ಯಾವುದೂ ನನ್ನ ಹತ್ತಿರ ಇಲ್ಲ.

ಮಸಿನಗುಡಿ ಮುಂದಿನ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ರೈಲಿನಲ್ಲಿ ಎರಡು ದಿನ ಉತ್ತರಕ್ಕೆ ಹೋಗಿ ಬಂದಳು. ಏನೂ ಗೆಲ್ಲಲಿಲ್ಲ. ತಂಡದ ನೀಲಿ ಕೋಟನ್ನು ಮಾತ್ರ ಅಪ್ಪನಿಗೆ ಕೊಟ್ಟಳು. ಅವನು ಅದನ್ನು ಹಾಕಿಕೊಂಡೇ ಕಾಡಿನ ಕೆಲಸಕ್ಕೆ ಹೋಗುತ್ತಿದ್ದನಂತೆ. ಆಮೇಲೆ ದೈಹಿಕ ಶಿಕ್ಷಣ ಓದಿ, ಗೂಡಲೂರಿನ ಕಡೆ ಒಂದು ವಸತಿ ಶಾಲೆಯಲ್ಲಿ ಟೀಚರಾದಳು.

ಪೆರಿಯ ಮಿಸ್ ನಿವೃತ್ತರಾದಾಗ ಆ ಜಾಗ ನನಗೆ ಬರಬಹುದೆಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಅದಕ್ಕೆ ಎರಡು ವರ್ಷದ ಮಾಸ್ಟರ್ ಡಿಗ್ರಿ ಬೇಕಿತ್ತು. ಅವರು ಹಿಂದೆಯೇ, “ಹೋಗಿ ಓದಿ ಬಾ, ನಾನು ಇರುವಷ್ಟರಲ್ಲಿ ಓದಿಬಿಡು” ಎಂದು ಬೆನ್ನು ಹತ್ತಿದ್ದರು. ಆಗ ನನಗೆ ಮದುವೆಯಾಗಿತ್ತು, ಮಗಳು ಕೈಗೂಸು. ಗಂಡ ವಿದ್ಯುತ್ ಮಂಡಳಿಯ ಕೆಲಸದಲ್ಲಿ ಅವಲಾಂಚ್ ಎಂಬ ಊರಿನ ಕ್ಯಾಂಪಿನಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಾಳೆ, ನಾಡಿದ್ದು ಎಂದು ದಿನ ಹೋಯಿತು. ನನಗಿಂತ ಎಂಟು ವರ್ಷ ಚಿಕ್ಕವಳೊಬ್ಬಳು ಮುಖ್ಯ ಕೋಚಾಗಿ ಬಂದಳು. ಹುಡುಗಿಯರಿಗೆ ಅವಳನ್ನು ಪೆರಿಯ ಮಿಸ್ ಎನ್ನಲು ಬಾಯಿ ಬರಲಿಲ್ಲ. ‘ಹೊಸ ಮಿಸ್’ ಎಂದರು. ಕೆಲವು ವಾರ ನಾನು ಅವಳ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಒಂದು ದಿನ ಅವಳು, “ಅಕ್ಕಾ, ಈ ಮ್ಯಾಟುಗಳು ಒಣಗೋದೇ ಇಲ್ವಾ?” ಎಂದು ಅಳುಮೋರೆ ಮಾಡಿಕೊಂಡು ಕೇಳಿದಾಗ ನಗು ಬಂದುಬಿಟ್ಟಿತು. ಅಲ್ಲಿಂದ ಇಬ್ಬರೂ ಚೆನ್ನಾಗಿಯೇ ಇದ್ದೆವು.

ಆದರೆ ಹುಡುಗಿಯರು ಕಡಿಮೆಯಾಗುತ್ತ ಬಂದರು. ಒಂದು ವರ್ಷ ಒಂಬತ್ತು, ಆಮೇಲೆ ಆರು. ಬೆಳಿಗ್ಗೆ ಎದ್ದು ಜಿಗಿಯುವ ಹೊತ್ತಿಗೆ ಅವರಿಗೆ ಟ್ಯೂಷನ್ನು, ಟೈಪಿಂಗು, ಕಂಪ್ಯೂಟರ್ ಕ್ಲಾಸು. ಕಾಲೇಜಿಗೂ ಕಂಪ್ಯೂಟರಿಗೆ ಜಾಗ ಬೇಕಾಗಿತ್ತು. ನಮ್ಮ ಹಾಲಿನ ಮರದ ನೆಲದ ಮೇಲೆ ಟೈಲ್ಸ್ ಬಂತು. ಬೀಮನ್ನೂ ಬಾರುಗಳನ್ನೂ ಬಯಲಿನ ಇನ್ನೊಂದು ಕಾಲೇಜಿನವರು ಲಾರಿಯಲ್ಲಿ ಒಯ್ದರು. ಹಗ್ಗ ಬಿಗಿಯುವಾಗ ನಾನೂ ಹೋಗಿ ಒಂದು ಕಡೆ ಹಿಡಿದೆ. ಹೊಸ ಮಿಸ್ ಕೊಯಮತ್ತೂರಿಗೆ ಹೋದಳು. ನನಗೆ ಆಫೀಸಿನಲ್ಲಿ ಕೆಲಸ ಕೊಡುತ್ತೇವೆ ಎಂದರು. ಒಂದು ತಿಂಗಳು ಕೂತು ನೋಡಿದೆ, ಆಗಲಿಲ್ಲ. ಕಟ್ಟಬೆಟ್ಟಿಗೆ ಬಂದು ಅಪ್ಪನ ಚಹಾ ತೋಟ ನೋಡಿಕೊಳ್ಳತೊಡಗಿದೆ.

ಊರಿಗೆ ಬಂದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಪೆರಿಯ ಮಿಸ್‌ಗೆ ಫೋನ್ ಮಾಡುತ್ತಿದ್ದೆ. ತಿರುನಲ್ವೇಲಿಯ ಹತ್ತಿರದ ಊರಿನಲ್ಲಿ ಒಬ್ಬರೇ ಇದ್ದರು. ಮೂವತ್ತು ವರ್ಷ ಚಳಿಯನ್ನು ಬೈದವರು ಈಗ ಬಿಸಿಲನ್ನು ಬೈಯುತ್ತಿದ್ದರು.

“ಇಲ್ಲಿ ಸ್ವೆಟರ್ ಹಾಕೋ ಹಾಗೇ ಇಲ್ಲ ಕಣೇ. ಪೆಟ್ಟಿಗೆಯಿಂದ ತೆಗೆದು ಆಗಾಗ ವಾಸನೆ ನೋಡ್ತೀನಿ ಅಷ್ಟೇ. ಅಲ್ಲಿ ಮಳೆಯಾ?”

“ಮಂಜು ಮೇಡಂ. ಬೆಳಿಗ್ಗೆಯಿಂದ ಎದುರಿನ ಬೆಟ್ಟ ಕಂಡಿಲ್ಲ.”

“ಹೇಳು, ಇನ್ನೂ ಹೇಳು. ಎಲೆ ಕೀಳೋಕೆ ಹೋಗಿದ್ದೆಯಾ?”

ನಾನು ಹೇಳುತ್ತಿದ್ದೆ. ತೋಟದ ಬಗ್ಗೆ, ಹೊಸ ಚಿಗುರಿನ ಬಗ್ಗೆ, ಊಟಿಯಲ್ಲಿ ಎದ್ದ ಲಾಡ್ಜುಗಳ ಬಗ್ಗೆ. ಒಂದು ಸಲ, ಮಸಿನಗುಡಿಗೆ ಹೆಣ್ಣು ಕೂಸಾಗಿದೆ, ಬಾಣಂತನ ಮುಗಿಸಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ ಎಂದು ತಿಳಿಸಿದೆ.

“ಅವಳಿಗಾ!” ಎಂದರು. “ಕೂಸು ಯಾರ ಹಾಗಿದೆಯಂತೆ?”

ಕೇಳಿ ಹೇಳುತ್ತೇನೆ ಎಂದೆ. ನುಗ್ಗೆ ಗಿಡಕ್ಕೆ ನೀರು ಹಾಕಬೇಕು, ಬಿಸಿಲೇರಿದರೆ ಆಗುವುದಿಲ್ಲ ಎನ್ನುತ್ತ ಅವರು ಫೋನಿಟ್ಟರು.